ಕಾಣಿಯೂರಿನ ಮರದ ಮಿಲ್ಲಿನಲ್ಲಿ ಹದಿಮೂರನೇ ನಿಮಿಷ

ಧ್ವನಿಮುದ್ರಣ ಕಲಿಯಬೇಕೆಂದು ಈಗಲೂ ಕೆಲವರು ಪುತ್ತೂರಿನ ನನ್ನ ಮನೆಗೆ ಬರುತ್ತಾರೆ. ಯಾವ ಮೈಕು ಒಳ್ಳೆಯದು, ಯಾವ ಸಾಫ್ಟ್‌ವೇರು ಒಳ್ಳೆಯದು ಎಂದು ಕೇಳುತ್ತಾರೆ. ಅದನ್ನು ಹೇಳಲು ನನಗಿಂತ ತಿಳಿದವರು ಬೇಕಾದಷ್ಟು ಇದ್ದಾರೆ. ನಾನು ಮೂವತ್ತೆಂಟು ವರ್ಷ ಈ ಕೆಲಸ ಮಾಡಿದವನು. ಅದರಲ್ಲಿ ಹೆಚ್ಚಿನದು ಯಕ್ಷಗಾನದ ಪದ್ಯ, ಭಜನೆ, ತುಳು ನಾಟಕ, ಬ್ಯಾರಿ ಹಾಡು. ಕೊನೆಯ ಕೆಲಸ ಮಾತ್ರ ಇದ್ಯಾವುದಕ್ಕೂ ಸೇರಿದ್ದಲ್ಲ. ಆ ಕೆಲಸದಲ್ಲಿ ಒಬ್ಬನ ಸ್ವರ ಹೋಯಿತು. ಅದು ಹೋಗುವುದು ನನಗೆ ಕೇಳಿಸಿತ್ತು. ನಾನು ನಿಲ್ಲಿಸಲಿಲ್ಲ. ಈ ಕೆಲಸಕ್ಕೆ ಬರುವವರು ಅದನ್ನು ತಿಳಿದಿರಲಿ ಎಂದು ಬರೆಯುತ್ತಿದ್ದೇನೆ. ಅಲ್ಲಿಗೆ ಬರುವ ಮೊದಲು ಹಳೆಯ ಮೂರು ಸಂಗತಿ ಹೇಳಬೇಕು. ಅವು ನನ್ನ ತಪ್ಪಿಗೆ ಸಮರ್ಥನೆಯಲ್ಲ. ಕೈ ಯಾಕೆ ಹಾಗೆ ನಿಂತಿತು ಎಂಬುದು ತಿಳಿಯಲಿಕ್ಕೆ ಅಷ್ಟೆ.

ನಾನು ಕೆಲಸಕ್ಕೆ ಸೇರಿದ್ದು ಜನಾರ್ದನ ಮಾಸ್ಟ್ರ ಕೈಕೆಳಗೆ. ಅವರು ಶಾಲೆಯ ಕೆಲಸ ಬಿಟ್ಟು ಪುತ್ತೂರು ಪೇಟೆಯ ಒಂದು ಮಾಳಿಗೆಯಲ್ಲಿ ಕ್ಯಾಸೆಟ್ ಸ್ಟುಡಿಯೋ ಮಾಡಿದ್ದರು. ಗೋಡೆಗೆ ತೆಂಗಿನ ನಾರಿನ ಚಾಪೆ ಮತ್ತು ಮೊಟ್ಟೆಯ ಟ್ರೇ. ಶಬ್ದ ಬರುತ್ತದೆಂದು ಫ್ಯಾನ್ ಇಟ್ಟಿರಲಿಲ್ಲ. ಬೇಸಗೆಯಲ್ಲಿ ಭಾಗವತರು ಬನಿಯನ್ನಿನಲ್ಲಿ ಕೂತು ಹಾಡುತ್ತಿದ್ದರು, ನಾವು ಗಾಜಿನ ಈಚೆ ಬೆವರುತ್ತಿದ್ದೆವು. ಒಳಗಿರುವವರ ಜೊತೆ ಮಾತಾಡಲಿಕ್ಕೆ ನಮ್ಮ ಮೇಜಿನಲ್ಲಿ ಒಂದು ಗುಂಡಿ ಇತ್ತು. ಒತ್ತಿದರೆ ನಮ್ಮ ಮಾತು ಅವರ ಕಿವಿಗೆ ಹೋಗುತ್ತದೆ.

ಸೇರಿದ ಮೂರನೇ ತಿಂಗಳು. ಮಾಸ್ಟ್ರು ಚಹಾ ಕುಡಿಯಲು ಕೆಳಗೆ ಹೋಗಿದ್ದರು. ವಯಸ್ಸಾದ ಒಬ್ಬ ಭಾಗವತರು ಪದ್ಯದ ಮಧ್ಯದಲ್ಲಿದ್ದರು. ಕೆಳಗಿನ ರಸ್ತೆಯಲ್ಲಿ ಬಸ್ಸು ಹಾರ್ನ್ ಹೊಡೆಯಿತು. ಅದು ಟೇಪಿನಲ್ಲಿ ಬಿದ್ದದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ನಾನು ಗುಂಡಿ ಒತ್ತಿ, "ನಿಲ್ಲಿಸಿ, ಹಾರ್ನ್ ಬಂತು" ಎಂದೆ.

ಅವರು ನಿಲ್ಲಿಸಿದರು. ಗಾಜಿನ ಮೂಲಕ ನನ್ನನ್ನು ನೋಡಿದರು. ಜಾಗಟೆಯನ್ನು ಬಟ್ಟೆಯ ಚೀಲಕ್ಕೆ ಹಾಕಿ ಗಂಟು ಕಟ್ಟಿದರು. ಹೊರಗೆ ಬಂದು, "ಪದ್ಯದ ಮಧ್ಯ ನನ್ನನ್ನು ನಿಲ್ಲಿಸುವವ ಇನ್ನೂ ಹುಟ್ಟಿಲ್ಲ ಅಂತ ಎಣಿಸಿದ್ದೆ. ಹುಟ್ಟಿದ್ದಾನೆ. ಸಂತೋಷ" ಎಂದು ಮೆಟ್ಟಿಲಿಳಿದರು. ಮತ್ತೆ ನಮ್ಮಲ್ಲಿಗೆ ಬರಲೇ ಇಲ್ಲ.

ಮಾಸ್ಟ್ರು ಮೆಟ್ಟಿಲಲ್ಲೇ ಅವರನ್ನು ಕಂಡು ಓಡಿ ಬಂದರು. "ಎಂತ ಮಾಡಿದೆ ಮಾರಾಯ ನೀನು?"

"ಹಾರ್ನ್ ಬಂತು ಮಾಸ್ಟ್ರೆ."

"ಹಾರ್ನ್ ಬರ್ಲಿ. ಕಟ್ಟಡ ಬೀಳ್ಲಿ. ಹಾಡುವವ ನಿಲ್ಲಿಸದೆ ನಾವು ನಿಲ್ಲಿಸುದಿಲ್ಲ. ಅವನ ಮಂಡೆಯೊಳಗೆ ಎಂತ ಓಡ್ತಾ ಉಂಟು ಅಂತ ನಿನಗೆ ಗೊತ್ತುಂಟಾ?"

ಅಂದೇ ಅವರು ಆ ಗುಂಡಿಯ ವಯರು ಕಿತ್ತರು. ಒಂದು ವರ್ಷ ಅದು ಸುಮ್ಮನೆ ಮೇಜಿನ ಮೇಲಿತ್ತು. ಮತ್ತೆ ಜೋಡಿಸಿದಾಗ ನನಗೆ ಅದನ್ನು ಒತ್ತುವ ಅಭ್ಯಾಸವೇ ಇರಲಿಲ್ಲ.

ಮಾಸ್ಟ್ರು ಕಲಿಸಿದ ಇನ್ನೊಂದು ವಿಷಯ ಗಂಟಲನ್ನು ಕೇಳುವುದು. ಇರುಳಿಡೀ ಯಕ್ಷಗಾನದ ಆಟದಲ್ಲಿ ಹಾಡಿದ ಭಾಗವತರು ಮರುದಿನ ನಮ್ಮಲ್ಲಿಗೆ ಬಂದು ಕೂತರೆ, ಕೆಲವೊಮ್ಮೆ ಸ್ವರದ ಅಡಿಯಲ್ಲಿ ಇನ್ನೊಂದು ತೆಳ್ಳಗಿನ ಶಬ್ದ ಇರುತ್ತದೆ. ಒದ್ದೆ ಕಾಗದವನ್ನು ನಿಧಾನ ಹರಿದ ಹಾಗೆ. ಹಾಡುವವರಿಗೆ ಅದು ಗೊತ್ತಾಗುವುದಿಲ್ಲ, ಎದುರು ಕೂತು ಕೇಳುವವರಿಗೂ ಇಲ್ಲ. ಬಾಯಿಯಿಂದ ಒಂದು ಗೇಣು ದೂರದ ಮೈಕಿಗೆ ಗೊತ್ತಾಗುತ್ತದೆ, ಹೆಡ್‌ಫೋನು ಹಾಕಿದವನಿಗೆ ಗೊತ್ತಾಗುತ್ತದೆ. ಪದ್ಯ ಮುಗಿದ ಕೂಡಲೇ ಮಾಸ್ಟ್ರು, "ಇವತ್ತಿಗೆ ಸಾಕು, ಮಿಷನು ಬಿಸಿಯಾಗಿದೆ" ಎಂದು ಸುಳ್ಳು ಹೇಳಿ ಅವರನ್ನು ಮನೆಗೆ ಕಳಿಸುತ್ತಿದ್ದರು. ಪದ್ಯಗಳು ಚಿಕ್ಕವಾಗಿದ್ದವು. ಮುಗಿಯುವವರೆಗೆ ಕಾದರೆ ಯಾರಿಗೂ ಏನೂ ಆಗುತ್ತಿರಲಿಲ್ಲ.

ಆಮೇಲೆ ಕಂಪ್ಯೂಟರು ಬಂತು. ಎಲ್ಲರೂ ಒಟ್ಟಿಗೆ ಕೂತು ಮಾಡುವ ಕ್ರಮ ಹೋಯಿತು. ತಬಲದವ ಸೋಮವಾರ ಬರುತ್ತಾನೆ, ಹಾಡುವವಳು ಗುರುವಾರ. ಒಂದು ಸಾಲನ್ನು ಇಪ್ಪತ್ತು ಸಲ ಹಾಡಿಸಿ, ಒಳ್ಳೆಯ ತುಂಡುಗಳನ್ನು ಜೋಡಿಸುವುದು. ನಾನು ಅದರಲ್ಲಿ ಎಷ್ಟು ಪಳಗಿದೆನೆಂದರೆ, ಒಂದು ಭಜನೆಯಲ್ಲಿ ಹಾಡುವವಳು ಉಸಿರೆಳೆಯುವ ಶಬ್ದಗಳನ್ನೆಲ್ಲ ಹುಡುಕಿ ಹುಡುಕಿ ತೆಗೆದೆ. ಶುದ್ಧವಾಯಿತೆಂದು ಹೆಮ್ಮೆಯಿತ್ತು. ನಮ್ಮ ಬೀದಿಯ ಒಬ್ಬರು ಅಜ್ಜಿ ಅದನ್ನು ಕೇಳಿ, "ಈ ಹುಡುಗಿ ಉಸಿರು ತೆಗಿಯುದೇ ಇಲ್ವಲ್ಲ ಮಗಾ. ಕೇಳ್ತಾ ಕೇಳ್ತಾ ನನಗೆ ಉಸಿರು ಕಟ್ತದೆ" ಎಂದರು. ಎರಡು ದಿನ ಕೂತು ಉಸಿರುಗಳನ್ನು ಒಂದೊಂದಾಗಿ ವಾಪಸು ಇಟ್ಟೆ. ಅಂದಿನಿಂದ ತುಂಡು ಜೋಡಿಸುವ ಕ್ರಮದ ಮೇಲೆ ನನಗೆ ಒಳಗೊಳಗೆ ಅಪನಂಬಿಕೆ. ಅವಕಾಶ ಸಿಕ್ಕಿದರೆ ಒಮ್ಮೆಯಾದರೂ ಹಳೆಯ ಹಾಗೆ, ಎಲ್ಲರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ, ಒಂದೇ ಉಸಿರಿನಲ್ಲಿ ಮಾಡಬೇಕೆಂದು ಆಸೆಯಿತ್ತು. ಆ ಆಸೆಯೂ ಈ ಕಥೆಯಲ್ಲಿ ಕೆಲಸ ಮಾಡಿದೆ.

ನಾನು ನನ್ನ ಸ್ಟುಡಿಯೋ ಮುಚ್ಚುವ ತಯಾರಿಯಲ್ಲಿದ್ದಾಗ ಇಬ್ಬರು ಬಂದರು.

ಒಬ್ಬ ಚರಣ್. ಸುಳ್ಯದ ಕಡೆ ಕೊಲ್ಲಮೊಗ್ರಿನವನು, ಮನೆಮಾತು ಅರೆಭಾಷೆ. ವಯರಿಂಗ್ ಕೆಲಸ ಮಾಡುವವನು. ಮಾತು ಕಡಿಮೆ. ಅವನ ತಂಡದಲ್ಲಿ ಎರಡು ಗಿಟಾರು, ಒಂದು ಬೇಸ್, ಒಂದು ಡ್ರಮ್. ಹಾಡುವವರಿಲ್ಲ. ಸಣ್ಣದೊಂದು ರಾಗ ಶುರುವಾಗುತ್ತದೆ, ಅದನ್ನೇ ಮತ್ತೆ ಮತ್ತೆ ನುಡಿಸುತ್ತಾರೆ, ಪ್ರತಿ ಸಲ ಒಂದಿಷ್ಟು ಸೇರುತ್ತದೆ, ಹತ್ತು ನಿಮಿಷದಲ್ಲಿ ಅದು ಕೋಣೆ ತುಂಬುತ್ತದೆ. ಅದಕ್ಕೆ ಪೋಸ್ಟ್-ರಾಕ್ ಎಂದು ಹೆಸರು ಎಂದ.

ಇನ್ನೊಬ್ಬ ನವಾಜ್. ಕಾಣಿಯೂರಿನವನು, ಬ್ಯಾರಿ ಮನೆತನ. ಕಬಡ್ಡಿ, ವಾಲಿಬಾಲ್ ಪಂದ್ಯಗಳಲ್ಲಿ ಮೈಕಿನಲ್ಲಿ ವೀಕ್ಷಕ ವಿವರಣೆ ಕೊಡುವುದು ಅವನ ಕೆಲಸ. ಕನ್ನಡದಲ್ಲಿ ಶುರುಮಾಡಿ, ತುಳುವಿಗೆ ಹಾರಿ, ಆಟಗಾರ ಬ್ಯಾರಿಯವನಾದರೆ ಬ್ಯಾರಿಯಲ್ಲಿ ತಮಾಷೆ ಮಾಡಿ ಮೈದಾನವನ್ನು ಕುಣಿಸುತ್ತಾನೆ. ತಂದೆಯಿಲ್ಲ. ಮನೆ ನಡೆಯುವುದು ಆ ಸ್ವರದ ಮೇಲೆ. ಬಿಡುವಿನಲ್ಲಿ ಅವನಿಗೊಂದು ತಂಡ. ಗಿಟಾರಿನ ತಂತಿಯನ್ನು ತಗ್ಗಿಸಿ, ನೆಲ ಕುಟ್ಟಿದ ಹಾಗೆ ನುಡಿಸುತ್ತಾರೆ. ಇವನು ಹಾಡುವುದಿಲ್ಲ, ಬೊಬ್ಬೆ ಹಾಕುತ್ತಾನೆ. ಅದು ಹಾರ್ಡ್‌ಕೋರ್.

ಎರಡು ತಂಡ ಸೇರಿ ಒಂದು ಆಲ್ಬಮ್ ಮಾಡಬೇಕೆಂದು ಹೊರಟಿದ್ದರು. ನಾಲ್ಕು ಹಾಡು.

"ಎರಡು ಹೇಗೆ ಸೇರ್ತದೆ?" ಎಂದು ಕೇಳಿದೆ.

"ಸುಲಭ ವಾಸಣ್ಣ" ಎಂದ ನವಾಜ್. "ಇವರು ಹನ್ನೊಂದು ನಿಮಿಷ ಹಾಲು ಕಾಯಿಸುದು. ಮತ್ತೆ ನಾವು ಬಂದು ಉಕ್ಕಿಸುದು."

"ಉಕ್ಕಿಸುದಲ್ಲ. ಚೆಲ್ಲುದು" ಎಂದ ಚರಣ್.

"ನೋಡಿ, ಇಡೀ ವರ್ಷದಲ್ಲಿ ಇವನು ಮಾಡಿದ ಒಂದೇ ತಮಾಷೆ ಇದು. ಬರ್ದಿಟ್ಕೊಳ್ಳಿ."

ಮೂರು ಹಾಡನ್ನು ಸ್ಟುಡಿಯೋದಲ್ಲೇ, ತುಂಡು ತುಂಡಾಗಿ ಮುಗಿಸಿದೆವು. ನನಗೆ ಆ ಸಂಗೀತ ಪರಿಚಯವಾಯಿತು. ಬೊಬ್ಬೆಯಲ್ಲೂ ಲಯ ಇದೆ, ಎಲ್ಲಿ ಏರಬೇಕು ಎಲ್ಲಿ ಕಡಿಯಬೇಕು ಎಂಬ ಲೆಕ್ಕ ಇದೆ ಎಂಬುದು ತಿಳಿಯಿತು. ನಾಲ್ಕನೆಯದು ದೊಡ್ಡದು, ಹತ್ತೊಂಬತ್ತು ನಿಮಿಷದ ಹತ್ತಿರ. ಅದರಲ್ಲಿ ಚರಣನ ತಂಡದ ಏರಿಕೆಯ ತುದಿಯಲ್ಲಿ ನವಾಜನ ತಂಡ ಹೊಗಬೇಕು. ತುಂಡು ಮಾಡಿ ಜೋಡಿಸಿ ನೋಡಿದೆವು. ಸೇರಲಿಲ್ಲ. ಒಂದು ಕಡೆ ಗಡಿಯಾರದ ಲಯ, ಇನ್ನೊಂದು ಕಡೆ ಮನುಷ್ಯರ ಲಯ. ಚರಣ್ ಮೂರು ಸಲ ಕೇಳಿ, "ಹೊಲಿಗೆ ಕಾಣ್ತದೆ" ಎಂದ.

ಆಗ ನಾನು ಹೇಳಿದೆ: ಎಲ್ಲರೂ ಒಂದೇ ಕಡೆ ನಿಂತು, ಒಂದೇ ಸಲಕ್ಕೆ ನುಡಿಸಿ. ದೊಡ್ಡ ಜಾಗ ಹುಡುಕಿ. ಯಕ್ಷಗಾನವನ್ನು ನಾವು ಹಾಗೆಯೇ ಮಾಡುತ್ತಿದ್ದೆವು. ಈ ಮಾತು ನನ್ನದೇ. ಅವರು ಕೇಳಿದ್ದಲ್ಲ.

ಜಾಗ ಸಿಕ್ಕಿದ್ದು ಕಾಣಿಯೂರಿನಲ್ಲಿ. ನವಾಜನ ಮಾವ ಹಮೀದ್ ಬ್ಯಾರಿಯವರ ಮರದ ಮಿಲ್ಲು ನಿಂತುಹೋಗಿತ್ತು. ಎತ್ತರದ ತಗಡಿನ ಮಾಡು, ಮೂರು ಕಡೆ ಗೋಡೆ, ನೆಲದಲ್ಲಿ ಬೆರಳು ದಪ್ಪಕ್ಕೆ ಮರದ ಹುಡಿ. ನಾನು ನಡುವೆ ನಿಂತು ಚಪ್ಪಾಳೆ ಹೊಡೆದೆ. ತಗಡಿನ ಕೆಳಗೆ ಕೇಳಿಸಬೇಕಾದ ಪ್ರತಿಧ್ವನಿಯ ಕಿರಿಕಿರಿ ಇಲ್ಲ. ನೆಲದ ಹುಡಿ ಶಬ್ದವನ್ನು ಹೀರುತ್ತಿತ್ತು. ಚರಣ್ ಆಗಲೇ ಎಲ್ಲಿಂದಲೋ ಹಿಡಿಸೂಡಿ ತಂದಿದ್ದ.

"ಗುಡಿಸ್ಬೇಡ" ಎಂದೆ.

"ಹುಡಿ ಹಾರ್ತದೆ ವಾಸಣ್ಣ."

"ಹಾರ್ಲಿ. ಗುಡಿಸಿದ್ರೆ ಸೌಂಡು ಹಾಳಾಗ್ತದೆ."

ಅವನು ಹಿಡಿಸೂಡಿ ಮೂಲೆಗೆ ಇಟ್ಟ. ಇದನ್ನೂ ನಾನು ಹೇಳಲೇಬೇಕು. ಹತ್ತು ಜನ ನಿಂತು ಕುಣಿಯುವ ಜಾಗದಲ್ಲಿ, ಬಾಯಿ ತೆರೆದು ಉಸಿರೆಳೆಯುವವನ ಕಾಲಬುಡದಲ್ಲಿ ಮರದ ಹುಡಿ ಇರಲಿ ಎಂದವನು ನಾನು.

ಆ ದಿನ ಬೆಳಿಗ್ಗೆ ಒಂಬತ್ತಕ್ಕೆ ಶುರುಮಾಡಿದೆವು. ಮಿಲ್ಲಿನ ಆಫೀಸು ಕೋಣೆಗೆ ಗಾಜಿನ ಕಿಟಕಿ ಇತ್ತು. ಅಲ್ಲಿ ನಾನು, ಕಂಪ್ಯೂಟರು, ಹೆಡ್‌ಫೋನು, ಮಾತಾಡುವ ಗುಂಡಿ. ಹತ್ತಿರದಲ್ಲೇ ರೈಲಿನ ದಾರಿ. ಎರಡು ರೈಲಿನ ನಡುವೆ ಸಿಗುವ ಸಮಯದಲ್ಲಿ ಹತ್ತೊಂಬತ್ತು ನಿಮಿಷ ಹುಡುಕಬೇಕು. ಮೊದಲನೆಯ ಸಲ ಹದಿನಾರನೇ ನಿಮಿಷಕ್ಕೆ ತಡವಾಗಿ ಬಂದ ಗೂಡ್ಸು ರೈಲು ಎಲ್ಲವನ್ನೂ ನುಂಗಿತು. ಎರಡನೆಯ ಸಲ ಚರಣನ ತಂತಿ ಕಡಿಯಿತು, ಆದರೂ ಯಾರೂ ನಿಲ್ಲಿಸದೆ ಕೊನೆಯವರೆಗೆ ಹೋದರು. ಅಂದರೆ ನವಾಜ್ ಅಷ್ಟರಲ್ಲಿ ಹೆಚ್ಚುಕಡಿಮೆ ಎರಡು ಸಲ ಪೂರ್ತಿ ಬೊಬ್ಬೆ ಹಾಕಿದ್ದ.

ಹಮೀದ್ ಬ್ಯಾರಿಯವರು ಬಾಗಿಲಲ್ಲಿ ಕಿವಿಗೆ ಬೆರಳಿಟ್ಟು ನಿಂತಿದ್ದರು. "ಇಲ್ಲಿ ಗರಗಸ ಓಡುವಾಗ ಇದರ ಅರ್ಧ ಶಬ್ದ ಇರ್ಲಿಲ್ಲ ಮಾರಾಯ್ರೆ. ಅದಕ್ಕೇ ಅಕ್ಕಪಕ್ಕದವರು ಕಂಪ್ಲೇಂಟ್ ಕೊಟ್ಟಿದ್ರು. ಈಗ ಯಾಕೆ ಯಾರೂ ಬರುದಿಲ್ಲ?"

"ಹೆದ್ರಿ ಓಡಿರ್ಬೇಕು ಮಾವ" ಎಂದ ನವಾಜ್. ಹೇಳಿ ಕೆಮ್ಮಿದ. ಜೀರಿಗೆ ನೀರು ಕುಡಿದ. ಮತ್ತೆ ಕೆಮ್ಮಿದ.

ನಾನು ಹೊರಗೆ ಬಂದು, "ಗಂಟಲು ಹೇಗುಂಟು?" ಎಂದು ಕೇಳಿದೆ.

"ಅದು ನಿನ್ನೆ ಪೆರಾಬೆಯ ಪಂದ್ಯದ್ದು. ಫೈನಲ್ ಬಿಗಿ ಇತ್ತು. ಮಂಡೆ ಬಿಸಿ ಮಾಡ್ಬೇಡಿ, ಇನ್ನೊಂದು ಸಲ ಬರ್ತದೆ."

"ನಾಳೆ ಮಾಡುವ ಬೇಕಾದ್ರೆ."

"ನಾಳೆ ಎರಡು ಕಡೆ ಮ್ಯಾಚುಂಟು. ಇವತ್ತೇ ಮಾಡುವ ವಾಸಣ್ಣ. ಈಗ ಎಲ್ರ ಕೈ ಸರಿ ಬಿದ್ದಿದೆ."

ಅದು ನಿಜವಾಗಿತ್ತು. ನಾನು ಮತ್ತೆ ಒತ್ತಾಯಿಸಲಿಲ್ಲ.

ಮೂರನೆಯ ಸಲ. ರೈಲು ಹೋಗಿ ಅದರ ಸದ್ದು ಪೂರ್ತಿ ಇಳಿಯುವವರೆಗೆ ಕಾದು ಕೈ ಎತ್ತಿದೆ. ಚರಣ್ ಶುರುಮಾಡಿದ. ಆರು ಸ್ವರ, ಅಷ್ಟೆ. ನಾಲ್ಕನೇ ನಿಮಿಷಕ್ಕೆ ಇನ್ನೊಂದು ಗಿಟಾರು ಸೇರಿತು. ಏಳನೇ ನಿಮಿಷಕ್ಕೆ ಡ್ರಮ್ಮು ಬಟ್ಟೆ ಸುತ್ತಿದ ಕೋಲಿನಿಂದ ಮೆಲ್ಲಗೆ. ನವಾಜ್ ಮೈಕಿನ ಎದುರು ಕಣ್ಣು ಮುಚ್ಚಿ ನಿಂತಿದ್ದ, ಅವನ ಕೈಬೆರಳು ತೊಡೆಯ ಮೇಲೆ ಲಯ ಎಣಿಸುತ್ತಿತ್ತು. ನಾನು ಬಹಳ ತಂಡಗಳನ್ನು ಮುದ್ರಿಸಿದ್ದೇನೆ. ಹತ್ತು ಜನ ಒಬ್ಬನಾಗಿ ಉಸಿರಾಡುವುದನ್ನು ಕೇಳಿದ್ದು ನಾಲ್ಕೈದು ಸಲ. ಅದು ಆಗುತ್ತಿತ್ತು.

ಹನ್ನೊಂದನೇ ನಿಮಿಷ, ಎರಡನೇ ಸೆಕೆಂಡಿಗೆ ನವಾಜ್ ಹೊಕ್ಕ. ಮೊದಲ ನಾಲ್ಕು ಸಾಲು ಸರಿಯಿತ್ತು. ನಂತರ ಒಂದು ಉದ್ದದ ಬೊಬ್ಬೆ ಇದೆ, ಉಸಿರು ಇರುವವರೆಗೆ. ಅದನ್ನು ಎರಡನೇ ಬಾರಿ ಎತ್ತಿದಾಗ ಪರದೆಯಲ್ಲಿ ಹದಿಮೂರು ನಿಮಿಷ ಇಪ್ಪತ್ತು ಸೆಕೆಂಡು. ಆಗ ನನಗೆ ಕೇಳಿಸಿತು. ಒದ್ದೆ ಕಾಗದ.

ನನ್ನ ಬಲಗೈಯ ತೋರುಬೆರಳು ಗುಂಡಿಯ ಮೇಲೆ ಹೋಯಿತು. ಅದು ಅಲ್ಲಿಯೇ ಇತ್ತು. ಒತ್ತಲಿಲ್ಲ.

ಯಾಕೆ ಎಂದು ಆಮೇಲೆ ಬಹಳ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಮಾಸ್ಟ್ರ ಮಾತು ಕೈಯಲ್ಲಿ ಕೂತಿತ್ತು, ಅದು ನಿಜ. ಆದರೆ ಅದರ ಮೇಲೆ ಎಲ್ಲ ಭಾರ ಹಾಕುವುದು ಸರಿಯಲ್ಲ. ನುಡಿಸುತ್ತಿದ್ದದ್ದು ಅಷ್ಟು ಚೆನ್ನಾಗಿತ್ತು; ನಿಲ್ಲಿಸಿದರೆ ಮತ್ತೆ ಸಿಗುವುದಿಲ್ಲ ಎಂದು ನನಗೆ ಗೊತ್ತಿತ್ತು. ಮತ್ತು ಇದು ನನ್ನ ಕೊನೆಯ ಕೆಲಸ, ಇದು ಉಳಿಯಬೇಕು ಎಂದು ನನಗೆ ಅನಿಸಿತ್ತು. ಅವನ ಸ್ವರವಲ್ಲ, ನನ್ನ ಕೆಲಸ. ಆ ಶಬ್ದ ಪ್ರತಿ ಬೊಬ್ಬೆಗೂ ದಪ್ಪವಾಗುತ್ತಾ ಬಂತು. ಹದಿನೈದನೇ ನಿಮಿಷದಲ್ಲಿ ಅವನು ಗಂಟಲಿಗೆ ಕೈ ಹಾಕಿ ತೆಗೆದ. ನಾನು ನೋಡಿದೆ. ಹದಿನೆಂಟು ನಿಮಿಷ ನಲವತ್ತು ಸೆಕೆಂಡಿಗೆ ಮುಗಿಯಿತು. ಐದು ನಿಮಿಷ ಇಪ್ಪತ್ತು ಸೆಕೆಂಡು ನನ್ನ ಬೆರಳು ಗುಂಡಿಯ ಮೇಲಿತ್ತು.

ಮುಗಿದ ಮೇಲೆ ಎಲ್ಲರೂ ಕೂಗಿದರು, ಅಪ್ಪಿಕೊಂಡರು. ಚರಣ್ ನಗುವುದನ್ನು ಅಂದು ಮೊದಲು ಕಂಡೆ. ಅವನು ನವಾಜನ ಬೆನ್ನಿಗೆ ಹೊಡೆದು ಏನೋ ಕೇಳಿದ. ನವಾಜ್ ಉತ್ತರ ಕೊಡಲು ಬಾಯಿ ತೆರೆದ. ಗಾಳಿ ಬಂತು, ಸ್ವರ ಬರಲಿಲ್ಲ. ಅವನು ನಕ್ಕ, ಮತ್ತೊಮ್ಮೆ ತೆರೆದ. ಮೈಕು ಇನ್ನೂ ಚಾಲೂ ಇತ್ತು. ನನ್ನ ಕಿವಿಯಲ್ಲಿ ಬರೀ ಉಸಿರು. ಮೂರನೆಯ ಸಲ ಅವನು ನಗಲಿಲ್ಲ.

"ಎಂತ ತಮಾಷೆ ಮಾಡುದು ಮಾರಾಯ?" ಎಂದ ಚರಣ್. ಆಮೇಲೆ, "ನವಾಜ್?"

ಹಮೀದ್ ಬ್ಯಾರಿಯವರ ಜೀಪಿನಲ್ಲಿ ಪುತ್ತೂರಿಗೆ ಕರೆತಂದೆವು. ಗಂಟಲಿನ ಡಾಕ್ಟರು ಸಣ್ಣ ಕ್ಯಾಮರಾ ಹಾಕಿ ನೋಡಿದರು. ಸ್ವರತಂತುವಿನೊಳಗೆ ರಕ್ತನಾಳ ಒಡೆದು ರಕ್ತ ಹರಡಿದೆ, ಪಿಸುಗುಟ್ಟುವುದೂ ಬೇಡ, ವಾರಗಟ್ಟಲೆ ಪೂರ್ತಿ ಮೌನ, ಆಮೇಲೆ ಏನು ಉಳಿದಿದೆ ಎಂದು ನೋಡುವ ಎಂದರು. ಹಮೀದ್ ಬ್ಯಾರಿಯವರು, "ಹಠಾತ್ ಆದ್ದಾ ಡಾಕ್ಟ್ರೆ?" ಎಂದು ಕೇಳಿದರು.

"ಶುರುವಾಗುವಾಗ್ಲೇ ನಿಲ್ಲಿಸಿದ್ರೆ ಇಷ್ಟು ಆಗ್ತಿರ್ಲಿಲ್ಲ. ಅವರಿಗೆ ಗೊತ್ತಾಗ್ಲಿಲ್ಲ ಕಾಣ್ತದೆ. ಆ ಶಬ್ದದಲ್ಲಿ ಯಾರಿಗೆ ಗೊತ್ತಾಗ್ತದೆ?"

ನಾನು ಬಾಗಿಲ ಹತ್ತಿರ ನಿಂತಿದ್ದೆ.

ನಂತರದ ವಾರಗಳ ಬಗ್ಗೆ ಹೆಚ್ಚು ಬರೆಯಲಾರೆ. ಪಂದ್ಯಗಳವರು ಬೇರೆ ವಿವರಣೆಗಾರರನ್ನು ಕರೆಯತೊಡಗಿದರು. ಚರಣ್ ದಿನ ಬಿಟ್ಟು ದಿನ ಸ್ಟುಡಿಯೋಕ್ಕೆ ಬರುತ್ತಿದ್ದ. ನವಾಜ್ ಗುಣವಾಗುವಷ್ಟರಲ್ಲಿ ಹಾಡು ತಯಾರಿರಬೇಕು, ಅವನಿಗೆ ಕೊಡಬೇಕು ಎಂಬುದು ಅವನ ಹಟ. ಒಂದು ದಿನ ಅವನು ಹೆಡ್‌ಫೋನು ತೆಗೆದು, "ಹದಿಮೂರನೇ ನಿಮಿಷದಿಂದ ಅವನ ಸ್ವರದಲ್ಲಿ ಎಂತದೋ ಉಂಟು ವಾಸಣ್ಣ. ಹರಿದ ಹಾಗೆ. ಪೊರ್ಲುಂಟು" ಎಂದ. ತುಳುವಿನಲ್ಲಿ, ಚಂದ ಉಂಟು ಎಂದು.

ಅದು ಏನೆಂದು ನನಗೆ ಗೊತ್ತಿತ್ತು. ಆಗಲೂ ಹೇಳಲಿಲ್ಲ.

ಆರನೇ ವಾರ ನವಾಜ್ ಬಂದ. ಮೊಬೈಲಿನಲ್ಲಿ ಬರೆದು ತೋರಿಸುತ್ತಿದ್ದ. ಬಾಗಿಲಲ್ಲೇ ಬರೆದು ಹಿಡಿದದ್ದು: "ಈಗ ನಾನೂ ಚರಣ್ ಆದೆ. ಮಾತಿಲ್ಲ." ಚರಣನಿಗೆ ನಗು ಬರಲಿಲ್ಲ. ನಾನು ಹಾಡು ಹಾಕಿದೆ. ನವಾಜ್ ಕೊನೆಯವರೆಗೆ ಕೇಳಿದ. ಹಿಂದಕ್ಕೆ ಹೋಗಿ ಅರ್ಧದಿಂದ ಮತ್ತೊಮ್ಮೆ ಕೇಳಿದ. ಆಮೇಲೆ ಬರೆದ: "ಯಾವಾಗ ಹೋದ್ದು?"

"ಹದಿಮೂರು ಇಪ್ಪತ್ತಕ್ಕೆ ಶುರುವಾದ್ದು" ಎಂದೆ.

ಅವನು ನನ್ನನ್ನು ನೋಡಿ ಬರೆದ: "ಇಲ್ಲಿ ಕೂತು ಕಂಡುಹಿಡಿದದ್ದಾ?"

"ಅಲ್ಲ. ಅಲ್ಲಿಯೇ ಕೇಳಿಸಿತ್ತು. ನೀನು ಬೊಬ್ಬೆ ಹಾಕುವಾಗ್ಲೇ."

ಚರಣ್ ಕುರ್ಚಿಯಿಂದ ಎದ್ದ. ನವಾಜ್ ಬರೆಯಲು ಶುರುಮಾಡಿದ, ಅಳಿಸಿದ, ಮತ್ತೆ ಬರೆದ, ಬಹಳ ಹೊತ್ತು. ಕೊನೆಗೆ ತೋರಿಸಿದ್ದು ಒಂದೇ ಪದ: "ಯಾಕೆ?"

ಮೇಲೆ ಬರೆದ ಮೂರೂ ಕಾರಣಗಳನ್ನು ಅದೇ ಕ್ರಮದಲ್ಲಿ ಹೇಳಿದೆ. ಮರದ ಹುಡಿಯ ವಿಷಯವನ್ನೂ ಹೇಳಿದೆ. ಕ್ಷಮಿಸು ಎಂದೆ. ಅವನು ತಲೆ ಎತ್ತಲಿಲ್ಲ. ಮೊಬೈಲಿನಲ್ಲಿ ಬೆರಳು ಓಡಿತು. ಈ ಸಲ ಅವನು ಅದನ್ನು ಚರಣನಿಗೂ ಕಾಣುವ ಹಾಗೆ ಹಿಡಿದ.

"ಇದನ್ನು ಹೊರಗೆ ಬಿಡ್ಬೇಡಿ. ಯಾರಾದ್ರೂ ಕೇಳಿ ಪೊರ್ಲುಂಟು ಹೇಳಿದ್ರೆ ನನಗೆ ತಡಿಲಿಕ್ಕೆ ಆಗುದಿಲ್ಲ."

ಚರಣನ ಮುಖ ಕಪ್ಪಿಟ್ಟಿತು. ಆ ಪದ ತನ್ನ ಬಾಯಿಂದ ಬಂದದ್ದು ಅವನಿಗೆ ನೆನಪಾಗಿರಬೇಕು. ನನ್ನ ಕಡೆ ತಿರುಗಿ ಕೇಳಿದ. "ಅವನ ಸ್ವರ ಮಾತ್ರ ತೆಗೀಲಿಕ್ಕೆ ಆಗುದಿಲ್ವಾ? ನಮ್ಮದು ಉಳಿಲಿ."

"ಆಗುದಿಲ್ಲ. ಒಂದೇ ಕೋಣೆ. ನಿನ್ನ ಗಿಟಾರಿನ ಮೈಕಿನಲ್ಲೂ ಅವನಿದ್ದಾನೆ, ಡ್ರಮ್ಮಿನ ಮೈಕಿನಲ್ಲೂ ಇದ್ದಾನೆ."

ಸ್ವರ ಬೇರೆ ಮಾಡುವ ಈಗಿನ ಸಾಫ್ಟ್‌ವೇರಿನಲ್ಲೂ ಹಾಕಿ ತೋರಿಸಿದೆ. ಸ್ವರ ಹೋಯಿತು, ಆ ಹರಿದ ಶಬ್ದದ ನೆರಳು ಮಾತ್ರ ಎಲ್ಲದರಲ್ಲಿ ಉಳಿಯಿತು. ಅದು ಇನ್ನೂ ಭಯಂಕರ. ಚರಣ್ ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತ. ಹತ್ತು ವರ್ಷ ನುಡಿಸಿದವನ ಕೈಯಿಂದ ಅಂದು ಬಂದದ್ದು ಕೊನೆಯ ಆ ಐದು ನಿಮಿಷದಲ್ಲಿತ್ತು. ಅದು ನನಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ನವಾಜ್ ಅವನನ್ನು ಕರೆಯಲು ಹೋಗಲಿಲ್ಲ.

ಚರಣ್ ಒಳಗೆ ಬಂದು ನಿಂತೇ ಹೇಳಿದ. "ತುಂಡು ಮಾಡಿ."

"ಹದಿಮೂರು ಇಪ್ಪತ್ತಕ್ಕಾ?"

"ಅದಕ್ಕಿಂತ ಮೊದ್ಲು. ಎರಡನೇ ಬೊಬ್ಬೆಗೆ ಅವನು ಉಸಿರು ತೆಗಿತಾನಲ್ಲ, ಅಲ್ಲಿಗೆ."

ಅಲ್ಲಿಗೆ ಕಡಿದೆ. ಆಲ್ಬಮ್ ಹಾಗೆಯೇ ಹೊರಗೆ ಬಂತು. ನಾಲ್ಕನೇ ಹಾಡು ಒಂದು ಉಸಿರಿನ ಮೇಲೆ ನಿಂತುಬಿಡುತ್ತದೆ. ಫೈಲು ಹಾಳಾಗಿದೆಯಾ ಎಂದು ಕೇಳುವವರಿಗೆ ಚರಣ್, "ಅಷ್ಟೇ ಇರುದು" ಎಂದು ಉತ್ತರ ಕೊಡುತ್ತಾನೆ. ಉಳಿದದ್ದನ್ನು ಒಂದು ಡಿಸ್ಕಿಗೆ ಹಾಕಿ ನವಾಜನ ಕೈಗೆ ಕೊಟ್ಟು, ನನ್ನ ಕಂಪ್ಯೂಟರಿನಿಂದ ಅಳಿಸಿದೆ. ಸ್ಟುಡಿಯೋ ಮುಚ್ಚಿದೆ.

ಎರಡು ತಿಂಗಳು ಕಳೆದು ಒಂದು ಮಧ್ಯಾಹ್ನ ನವಾಜ್ ಮತ್ತು ಅವನ ಉಮ್ಮ ಮನೆಗೆ ಬಂದರು. ಅವನ ತಾಯಿಯನ್ನು ನಾನು ಮೊದಲು ಕಂಡಿರಲಿಲ್ಲ. ಕೂರಿ ಎಂದರೂ ಅವರು ಕೂರಲಿಲ್ಲ.

"ಡಾಕ್ಟ್ರು ಗುಣ ಆಗಿದೆ, ಮಾತಾಡ್ಬಹುದು ಹೇಳಿದ್ರು. ಆದಿತ್ಯವಾರ ಪಂದ್ಯಕ್ಕೆ ಕರೆದಿದ್ದಾರೆ, ಇವನು ಒಪ್ಪಿದ್ದಾನೆ. ನನಗೆ ಧೈರ್ಯ ಇಲ್ಲ" ಎಂದರು. "ಡಾಕ್ಟ್ರು ಕಣ್ಣಲ್ಲಿ ನೋಡಿ ಹೇಳಿದ್ದು. ನೀವು ಕಿವಿಯಲ್ಲಿ ಕೇಳಿದವರು. ಆ ದಿನ ನಿಮಗೆ ಕೇಳಿತ್ತಂತೆ. ಇವತ್ತೂ ಕೇಳಿ ಹೇಳಿ."

ಬೈದಿದ್ದರೆ ಸುಲಭವಾಗುತ್ತಿತ್ತು.

ಒಳಗಿನ ಕೋಣೆಯಲ್ಲಿ ಹಳೆಯ ಮೈಕು ಜೋಡಿಸಿ, ಬಾಗಿಲು ಹಾಕಿ, ಹೆಡ್‌ಫೋನು ಹಾಕಿಕೊಂಡೆ. ನವಾಜ್ ಮೈಕಿನಿಂದ ಒಂದು ಗೇಣು ದೂರ ಕೂತ.

"ಎಂತ ಹೇಳ್ಲಿ?" ಎಂದ. ಸ್ವರ ಮೊದಲಿಗಿಂತ ತಗ್ಗಿತ್ತು, ಆದರೆ ಶುದ್ಧವಿತ್ತು.

"ಕಬಡ್ಡಿ ಪಂದ್ಯದಲ್ಲಿ ಹೇಳುವ ಹಾಗೆಯೇ ಹೇಳು."

ಅವನು ಗಂಟಲು ಸರಿಮಾಡಿಕೊಂಡ. "ಕೊನೆಯ ನಿಮಿಷ ಮಾರಾಯ್ರೆ, ಎರಡು ಕಡೆ ಸಮ ಸಮ ಉಂಟು. ರೈಡಿಗೆ ಹೊರಟದ್ದು ನಮ್ಮ ಕಾಣಿಯೂರಿನ ಏಳು ನಂಬರ್. ಗೆರೆ ದಾಟಿದ. ಎಡದ ಮೂಲೆಗೆ ಒಂದು ನೋಟ, ಬಲಕ್ಕೆ ಕಾಲು. ಎಂತ ಅಣ್ಣ, ಮದುವೆ ಮನೆಗೆ ಬಂದದ್ದಾ, ಮುಟ್ಟು ಮಾರಾಯ..."

ಬಾಗಿಲ ಹತ್ತಿರ ಉಮ್ಮ ಮುಖಕ್ಕೆ ಶಾಲು ಹಿಡಿದು ನಕ್ಕರು. ನವಾಜನಿಗೆ ಅದು ಕಂಡಿತು. ಅವನ ಬೆನ್ನು ನೇರವಾಯಿತು, ಕೈ ಎದ್ದಿತು, ಸ್ವರ ಏರಿತು. "ಬೋನಸ್ ಗೆರೆಗೆ ಕಾಲು ಹಾಕಿದ! ಸುತ್ತ ಬಂದ್ರು, ಸುತ್ತ ಬಂದ್ರು, ಹಿಡಿತಾರಾ..."

ಆ ಏರಿಕೆಯಲ್ಲಿ, ಬಹಳ ಸಣ್ಣಗೆ, ಅಂಚಿನಲ್ಲಿ ಕೇಳಿಸಿತು. ಹೌದೋ ಅಲ್ಲವೋ ಎಂದು ಇನ್ನೊಂದು ಮಾತಿನವರೆಗೆ ಕಾಯಬಹುದಿತ್ತು.

"ನಿಲ್ಲಿಸು" ಎಂದೆ.

ಅವನು ನಿಲ್ಲಿಸಿದ. ಕೈ ಗಾಳಿಯಲ್ಲಿ ಹಾಗೆಯೇ ಇತ್ತು.

"ಉಂಟಾ?" ಎಂದ.

"ಉಂಟು. ಕಡಿಮೆ. ಆದ್ರೆ ಉಂಟು."

ನವಾಜ್ ಕೈ ಇಳಿಸಿದ. ಜೇಬಿನಿಂದ ಮೊಬೈಲು ತೆಗೆದು, ಆದಿತ್ಯವಾರ ಬರಲಾಗುವುದಿಲ್ಲ ಎಂದು ಪಂದ್ಯದವರಿಗೆ ಬರೆದು ಕಳಿಸಿದ. ಅವನ ವಿವರಣೆಯ ರೈಡರ್ ಇನ್ನೂ ಗೆರೆಯ ಆಚೆಯೇ ಇದ್ದ, ಉಸಿರು ಹಿಡಿದುಕೊಂಡು.